ರೀಲ್ಸ್ ನೋಡಿ ನಿಮ್ಮ ಮೈ ಮೇಲೆ ನಿಮಗೇ ಬೇಜಾರಾಗುತ್ತಿದೆಯಾ? ಏನು ಮಾಡಬಹುದು ಎಂಬ ಸಮಗ್ರ ಮಾರ್ಗದರ್ಶಿ

ದಪ್ಪ, ಸಣಕಲು, ಕಪ್ಪು, ಕುಳ್ಳ, ಮೊಡವೆ ಮುಖ. ಈ ಮಾತುಗಳು ಫೋನ್ ಬರುವ ಮೊದಲೂ ಇದ್ದವು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಯಾರೋ ದೊಡ್ಡಮ್ಮ "ಏನೇ, ಇಷ್ಟು ದಪ್ಪ ಆಗಿಬಿಟ್ಟಿದ್ದೀಯ" ಅಂದರೆ ಗಂಟಲಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಆದರೆ ಆ ದೊಡ್ಡಮ್ಮ ಸಿಗುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ಸಲ. ಫೋನಿನಲ್ಲಿ ಹೋಲಿಕೆ ದಿನಕ್ಕೆ ನೂರಾರು ಸಲ ನಡೆಯುತ್ತದೆ. ಅದೂ ಯಾರೂ ಬಾಯಿಬಿಟ್ಟು ಒಂದು ಮಾತೂ ಆಡದೆ.

2020ರ ಜೂನ್ ಕೊನೆಗೆ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಂತಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಇವತ್ತು 18ರಿಂದ 25ರ ಒಳಗಿರುವ ಹೆಚ್ಚಿನವರು ಹೈಸ್ಕೂಲು, ಪಿಯುಸಿ, ಡಿಗ್ರಿ ಕಳೆದದ್ದು ಅದರ ಜೊತೆಯಲ್ಲೇ. ಅವರಿಗೆ "ಫೋನ್ ಬಿಸಾಕು, ಎಲ್ಲ ಸರಿ ಹೋಗುತ್ತೆ" ಎಂದು ಹೇಳುವುದು ಸುಲಭ. ಆದರೆ ಗೆಳೆಯರು, ಕಾಲೇಜಿನ ಗ್ರೂಪು, ಕೆಲಸದ ಸುದ್ದಿ ಎಲ್ಲ ಇರುವುದು ಅಲ್ಲೇ. ಫೋನ್ ಕೈಯಲ್ಲಿಟ್ಟುಕೊಂಡೇ ಮಾಡಬಹುದಾದ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ.

ಒಂದು ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಮೊದಲು ಫೋನನ್ನು ಸರಿ ಮಾಡಿ, ಮನಸ್ಸಿನ ಕೆಲಸ ಆಮೇಲೆ. 'ನಾನು ಇರುವ ಹಾಗೇ ಚೆನ್ನಾಗಿದ್ದೇನೆ' ಎಂದು ಬೆಳಿಗ್ಗೆ ಹೇಳಿಕೊಂಡು, ರಾತ್ರಿ ಅದೇ ಫೀಡ್ ನೋಡುತ್ತಾ ಮಲಗಿದರೆ ಏನು ಪ್ರಯೋಜನ?

ಶುರು ಮಾಡುವ ಮುನ್ನ: ತಪ್ಪು ನಿಮ್ಮದಲ್ಲ

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಫಿಜಿ ದ್ವೀಪದ ಕಥೆ ಕೇಳಿ. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ ಎಂದು ಜನ ತಲೆತಲಾಂತರದಿಂದ ನಂಬಿದ್ದರು. ಅಲ್ಲಿನ ಒಂದು ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆನ್ ಬೆಕರ್ ಆಗಲೇ ಅಲ್ಲಿನ ಶಾಲಾ ಹುಡುಗಿಯರನ್ನು ಮಾತಾಡಿಸಿದ್ದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದು ಆಗ ಒಬ್ಬಳೂ ಹೇಳಿರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ಶೇ. 11.3ರಷ್ಟು ಹುಡುಗಿಯರು ಹೌದು ಎಂದರು. ಕೇವಲ ಮೂರು ವರ್ಷ, ಅದೂ ಬರೀ ಟಿವಿ.

2021ರಲ್ಲಿ ಫ್ರಾನ್ಸಿಸ್ ಹೌಗನ್ ಎಂಬ ಮಾಜಿ ಉದ್ಯೋಗಿ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದರು. ಇನ್‌ಸ್ಟಾಗ್ರಾಂ ಕೂಡ ಇದೇ ಕಂಪನಿಯದು. ವಾಲ್ ಸ್ಟ್ರೀಟ್ ಜರ್ನಲ್ ಅವನ್ನು ಪ್ರಕಟಿಸಿತು. ತಮ್ಮ ದೇಹದ ಬಗ್ಗೆ ಬೇಜಾರಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ ಇನ್‌ಸ್ಟಾಗ್ರಾಂ ಆ ಬೇಜಾರನ್ನು ಇನ್ನೂ ಜಾಸ್ತಿ ಮಾಡಿತು ಎಂದಿದ್ದರು. ಇದು ಕಂಪನಿಯೇ ಮಾಡಿಸಿದ್ದ ಸಮೀಕ್ಷೆ.

ನಂಬಿಕೆ ಕೊಡುವ ಸುದ್ದಿಯೂ ಇದೆ. 2023ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಆತಂಕ ಅಥವಾ ಖಿನ್ನತೆಯ ಲಕ್ಷಣಗಳಿದ್ದ 17ರಿಂದ 25 ವಯಸ್ಸಿನ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಮೂರು ವಾರ ಸೋಷಿಯಲ್ ಮೀಡಿಯಾವನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಲು ಹೇಳಿದರು. ಎಲ್ಲರೂ ಒಂದು ಗಂಟೆಗೆ ಇಳಿಸಲಿಲ್ಲ, ಸರಾಸರಿ 78 ನಿಮಿಷಕ್ಕೆ ಬಂದರು ಅಷ್ಟೇ. ಆದರೂ ತಮ್ಮ ರೂಪ ಮತ್ತು ತೂಕದ ಬಗ್ಗೆ ಅವರಿಗಿದ್ದ ಭಾವನೆ ಮೊದಲಿಗಿಂತ ಸುಧಾರಿಸಿತ್ತು. ಪೂರ್ತಿ ಬಿಡಬೇಕಾಗಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಹಂತ 1: ಮೂರು ದಿನ ಬರೆದಿಡಿ

ಎಲ್ಲ ರೀಲ್ಸೂ ನೋವು ಕೊಡುವುದಿಲ್ಲ. ಅಡುಗೆ, ಕ್ರಿಕೆಟ್ಟು, ನಾಯಿಮರಿ ನೋಡಿ ಯಾರಿಗೂ ಮುಖ ಸಣ್ಣದಾಗುವುದಿಲ್ಲ. ಚುಚ್ಚುವುದು ಯಾವುದು ಎಂದು ಮೊದಲು ಹುಡುಕಬೇಕು. ಇದಕ್ಕೆ ಫೋನಿನ ನೋಟ್ಸ್ ಬೇಡ, ಒಂದು ಹಳೆ ನೋಟ್‌ಬುಕ್ ತೆಗೆದುಕೊಳ್ಳಿ. ಆ್ಯಪ್ ಮುಚ್ಚಿದ ಕೂಡಲೇ ಒಂದೇ ಒಂದು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ, ಏನು ನೋಡಿದೆ, ಆಮೇಲೆ ಏನು ಮಾಡಿದೆ. ಹೀಗಿರಬಹುದು:

"ರಾತ್ರಿ 11.40. ಸೀರೆ ಉಡುವ ವಿಡಿಯೊ. ಅವಳ ಸೊಂಟ. ಎದ್ದು ಹೋಗಿ ಕನ್ನಡಿ ಮುಂದೆ ಹೊಟ್ಟೆ ಎಳೆದು ನೋಡಿಕೊಂಡೆ."

"ಬೆಳಿಗ್ಗೆ 7.15. ಕ್ಲಾಸಿನ ಹುಡುಗನ ಜಿಮ್ ಸ್ಟೋರಿ. ತಿಂಡಿಗೆ ಇಡ್ಲಿ ಬಿಟ್ಟು ಮೊಟ್ಟೆ ಮಾತ್ರ ತಿಂದೆ."

"ಮಧ್ಯಾಹ್ನ 2. ಅಕ್ಕನ ಎಂಗೇಜ್‌ಮೆಂಟ್ ಫೋಟೊ. ನನ್ನನ್ನು ಟ್ಯಾಗ್ ಮಾಡಿದ್ದಾರೆ. ಟ್ಯಾಗ್ ತೆಗೆದೆ."

ಮೂರನೆಯ ಭಾಗವೇ ಮುಖ್ಯ. ಬೇಜಾರಾಯಿತು ಎಂದು ಬರೆದರೆ ಸಾಲದು. ಆಮೇಲೆ ಕೈ ಏನು ಮಾಡಿತು? ಕನ್ನಡಿಗೆ ಹೋಯಿತಾ, ಊಟದ ತಟ್ಟೆ ತಳ್ಳಿತಾ, ಯಾವುದಾದರೂ ಕ್ರೀಮಿನ ಲಿಂಕ್ ಒತ್ತಿತಾ? ಮೂರು ದಿನ ಬರೆದರೆ ಚಿತ್ರ ಸ್ಪಷ್ಟವಾಗುತ್ತದೆ. ಎಷ್ಟೋ ಜನರಿಗೆ ಅಚ್ಚರಿಯಾಗುವುದು ಇಲ್ಲೇ. ಚುಚ್ಚುವವರು ದೊಡ್ಡ ಸಿನಿಮಾ ನಟಿಯರು ಎಂದುಕೊಂಡಿರುತ್ತಾರೆ, ನೋಟ್‌ಬುಕ್ಕಿನಲ್ಲಿ ಸಿಗುವುದು ಪಿಯುಸಿ ಗೆಳತಿಯ ಹೆಸರು. ನಟಿಯನ್ನು ನಾವು ಬೇರೆ ಲೋಕದವರು ಎಂದು ಬಿಟ್ಟುಬಿಡುತ್ತೇವೆ. ಒಂದೇ ಬೆಂಚಿನಲ್ಲಿ ಕೂತಿದ್ದವಳನ್ನು ಹಾಗೆ ಬಿಡಲಾಗುವುದಿಲ್ಲ. 1954ರಲ್ಲೇ ಲಿಯೋನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ, ಜನ ತಮ್ಮಂಥವರ ಜೊತೆಗೇ ತಮ್ಮನ್ನು ಹೆಚ್ಚು ಹೋಲಿಸಿಕೊಳ್ಳುತ್ತಾರೆ ಎಂದಿದ್ದರು.

ಹಂತ 2: ಫೀಡ್ ಗುಡಿಸಿ

ಇದಕ್ಕೆ ಒಂದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಇಟ್ಟುಕೊಳ್ಳಿ. ಈ ಇಡೀ ಬರಹದಲ್ಲಿ ಒಂದೇ ಕೆಲಸ ಮಾಡಲು ಸಾಧ್ಯ ಅನ್ನುವುದಾದರೆ ಇದನ್ನೇ ಮಾಡಿ.

ಮೊದಲು ಆ್ಯಪ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಲಿ. ನಿಮಗೆ ಏನು ಇಷ್ಟ ಎಂಬುದು ಅದಕ್ಕೆ ಗೊತ್ತಿಲ್ಲ. ಯಾವ ವಿಡಿಯೊದಲ್ಲಿ ನೀವು ಎಷ್ಟು ಹೊತ್ತು ನಿಂತಿರಿ, ಯಾವುದನ್ನು ಎರಡನೇ ಸಲ ನೋಡಿದಿರಿ, ಯಾವುದಕ್ಕೆ ಲೈಕ್ ಒತ್ತಿದಿರಿ, ಯಾವುದನ್ನು ಗೆಳತಿಗೆ ಕಳಿಸಿದಿರಿ ಎಂಬುದು ಮಾತ್ರ ಗೊತ್ತು. ಹೊಟ್ಟೆಕಿಚ್ಚಿನಿಂದ ನಿಂತು ನೋಡಿದರೂ, ಅಳುತ್ತಾ ನೋಡಿದರೂ ಅದಕ್ಕೆ ಲೆಕ್ಕ ಒಂದೇ. 'ಹತ್ತು ದಿನದಲ್ಲಿ ಹೊಟ್ಟೆ ಕರಗಿಸಿ' ಎಂಬುದನ್ನು ಕೊನೆತನಕ ನೋಡಿದರೆ ನಾಳೆ ಅಂಥದ್ದೇ ಇನ್ನಷ್ಟು ಬರುತ್ತವೆ.

ಈಗ ಕೆಲಸ. ಮೆನುಗಳ ಜಾಗ ಅಪ್‌ಡೇಟ್ ಆದಾಗ ಆಚೀಚೆ ಆಗಬಹುದು. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ಹೆಸರು ಟೈಪ್ ಮಾಡಿ.

• ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ 'ಕಂಟೆಂಟ್ ಪ್ರಿಫರೆನ್ಸಸ್' ಒಳಗೆ 'ರೀಸೆಟ್ ಸಜೆಸ್ಟೆಡ್ ಕಂಟೆಂಟ್' ಎಂದಿದೆ. ಒತ್ತಿದರೆ ನಿಮ್ಮ ಬಗ್ಗೆ ಅದು ಕಟ್ಟಿಕೊಂಡಿದ್ದ ಅಂದಾಜೆಲ್ಲ ಅಳಿಸಿ ಹೊಸದಾಗಿ ಶುರುವಾಗುತ್ತದೆ. ಫಾಲೋ ಮಾಡಿದವರು ಹಾಗೇ ಇರುತ್ತಾರೆ. ಒಮ್ಮೆ ಒತ್ತಿದರೆ ವಾಪಸ್ ತರಲಾಗುವುದಿಲ್ಲ, ಆದರೆ ಕಳೆದುಕೊಳ್ಳುವಂಥದ್ದೂ ಏನಿಲ್ಲ.

• ಅಲ್ಲೇ, ಯಾವ ಪದಗಳಿರುವ ಪೋಸ್ಟ್ ಬೇಡ ಎಂದು ಬರೆಯುವ ಜಾಗವಿದೆ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಯಿರಿ: ವೇಟ್ ಲಾಸ್, ಗ್ಲೋ ಅಪ್, ಫೇರ್‌ನೆಸ್, ತೂಕ ಇಳಿಸಿ, ಬೆಳ್ಳಗಾಗಲು. ನಿಮ್ಮ ನೋಟ್‌ಬುಕ್ಕಿನಲ್ಲಿ ಬಂದ ಪದಗಳನ್ನು ಮರೆಯಬೇಡಿ.

• ಜಾಹೀರಾತಿನ ಸೆಟ್ಟಿಂಗ್‌ಗೆ ಹೋಗಿ, ವಿಷಯಗಳ ಪಟ್ಟಿಯಲ್ಲಿ ದೇಹದ ತೂಕಕ್ಕೆ ಸಂಬಂಧಿಸಿದ್ದನ್ನು ಹುಡುಕಿ, 'ಸೀ ಲೆಸ್' ಒತ್ತಿ.

• ನೋಟ್‌ಬುಕ್ಕಿನಲ್ಲಿ ಸಿಕ್ಕ ಹೆಸರುಗಳಿಗೆ ಬನ್ನಿ. ಗೊತ್ತಿಲ್ಲದವರಾದರೆ ಅನ್‌ಫಾಲೋ. ಗೊತ್ತಿರುವವರಾದರೆ ಮ್ಯೂಟ್. ಮ್ಯೂಟ್ ಮಾಡಿದ್ದು ಅವರಿಗೆ ಗೊತ್ತಾಗುವುದಿಲ್ಲ. ಗೆಳತಿಯ ಮೇಲೆ ನಿಮಗೆ ಪ್ರೀತಿಯೂ ಇರಬಹುದು, ಅವಳ ಜಿಮ್ ಸ್ಟೋರಿ ನಿಮಗೆ ಬೇಡವೂ ಆಗಿರಬಹುದು. ಎರಡೂ ನಿಜ.

• ಯೂಟ್ಯೂಬಿನಲ್ಲಿ ವಿಡಿಯೊ ಪಕ್ಕದ ಮೂರು ಚುಕ್ಕಿ ಒತ್ತಿ 'ಡೋಂಟ್ ರೆಕಮೆಂಡ್ ಚಾನೆಲ್' ಆರಿಸಿ. ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ಹೋಮ್ ಪೇಜು ಬಹುತೇಕ ಖಾಲಿಯಾಗುತ್ತದೆ. ಬೇಕಾದ್ದನ್ನು ಹುಡುಕಿಕೊಂಡೇ ನೋಡಬೇಕು. ನನಗೆ ಇದು ಎಲ್ಲಕ್ಕಿಂತ ನೆಮ್ಮದಿಯ ಸೆಟ್ಟಿಂಗ್.

ಖಾಲಿ ಮಾಡಿ ಹಾಗೇ ಬಿಟ್ಟರೆ ಹಳೆಯದೇ ಮತ್ತೆ ತುಂಬಿಕೊಳ್ಳುತ್ತದೆ. ಮುಂದಿನ ಒಂದು ವಾರ ಬೇಕೆಂದೇ ಬೇರೆ ವಿಷಯ ಹುಡುಕಿ: ಯಕ್ಷಗಾನ, ಬೈಕ್ ರಿಪೇರಿ, ಮಲೆನಾಡಿನ ಅಡುಗೆ, ಪರೀಕ್ಷೆ ತಯಾರಿ, ಏನಾದರೂ ಸರಿ. ಕೊನೆತನಕ ನೋಡಿ, ಲೈಕ್ ಮಾಡಿ. ಈ ನಡುವೆ ಹಳೇ ಬಗೆಯದು ಬಂದರೆ ಥಟ್ಟನೆ ದಾಟಿಸಿ. ಬೈಯಲು ಕಾಮೆಂಟ್ ಹಾಕುವುದಕ್ಕೂ ನಿಲ್ಲಬೇಡಿ. ನೀವು ನಿಂತಿರಿ ಎಂಬುದೊಂದೇ ಅದಕ್ಕೆ ಕಾಣುವುದು.

ಹಂತ 3: ಕ್ಯಾಮೆರಾ ಸುಳ್ಳು ಹೇಳುವ ರೀತಿ ನೋಡಿ

ಇದನ್ನು ಓದಿ ಬಿಡಬೇಡಿ, ಮಾಡಿ ನೋಡಿ. ಫೋನನ್ನು ಮುಖದಿಂದ ಒಂದು ಅಡಿ ದೂರ ಹಿಡಿದು ಸೆಲ್ಫಿ ತೆಗೆಯಿರಿ. ಆಮೇಲೆ ಗೆಳೆಯರ ಕೈಗೆ ಫೋನ್ ಕೊಟ್ಟು ಐದು ಅಡಿ ದೂರದಿಂದ ತೆಗೆಸಿ. ಎರಡರಲ್ಲೂ ಮುಖ ಒಂದೇ ಅಳತೆಗೆ ಬರುವಂತೆ ಕ್ರಾಪ್ ಮಾಡಿ ಪಕ್ಕಪಕ್ಕ ಇಡಿ. ಮೂಗು ನೋಡಿ. ಕಿವಿ ನೋಡಿ. ಹತ್ತಿರದ ಫೋಟೊದಲ್ಲಿ ಮೂಗು ಉಬ್ಬಿ, ಕಿವಿ ಹಿಂದೆ ಸರಿದಿರುತ್ತದೆ. 2018ರಲ್ಲಿ ಅಮೆರಿಕದ ವೈದ್ಯರು ಇದನ್ನು ಲೆಕ್ಕ ಹಾಕಿದರು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಐದು ಅಡಿ ದೂರದ ಫೋಟೊಗಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಸೆಲ್ಫಿ ತೋರಿಸಿ ಮೂಗಿನ ಸರ್ಜರಿ ಕೇಳುವವರು ಬರುತ್ತಿದ್ದುದರಿಂದಲೇ ಈ ಲೆಕ್ಕ ಬೇಕಾಯಿತು.

ಇನ್ನು ಬ್ಯೂಟಿ ಮೋಡ್. ಕೆಲವು ಫೋನ್‌ಗಳಲ್ಲಿ ಕೊಂಡ ದಿನದಿಂದಲೇ ಅದು ಆನ್ ಆಗಿರುತ್ತದೆ. ಚರ್ಮ ನುಣುಪು, ಬಣ್ಣ ತಿಳಿ, ಗಲ್ಲ ಸಣ್ಣ. ಅದನ್ನೇ ನಮ್ಮ ಮುಖ ಎಂದುಕೊಂಡು, ಬಾತ್‌ರೂಮಿನ ಕನ್ನಡಿಯಲ್ಲಿ ಬೇರೆ ಮುಖ ಕಂಡಾಗ ಕಂಗಾಲಾಗುತ್ತೇವೆ. ಕ್ಯಾಮೆರಾ ತೆರೆದು ಅದನ್ನು ಸೊನ್ನೆಗೆ ತನ್ನಿ. ಮೊದಲ ಒಂದೆರಡು ದಿನ ನಿಮ್ಮ ಮುಖ ನಿಮಗೇ ಒರಟು ಎನಿಸುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಹೊರಗಿನವರು ಮಾಡಿದ ಫೇಸ್ ಫಿಲ್ಟರ್‌ಗಳನ್ನು 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾ ತೆಗೆದುಹಾಕಿತು. ಆದರೆ ಬೇರೆ ಎಡಿಟಿಂಗ್ ಆ್ಯಪ್‌ನಲ್ಲಿ ತಿದ್ದಿ ತಂದು ಹಾಕುವುದನ್ನು ಯಾರೂ ತಡೆಯುವುದಿಲ್ಲ.

ಹುಡುಗರಿಗೆ ಇದು ಬೇರೆ ರೂಪದಲ್ಲಿ ಬರುತ್ತದೆ. ಜಿಮ್ ಫೋಟೊಗಳನ್ನು ತೆಗೆಯುವುದು ವರ್ಕೌಟ್ ಮುಗಿದ ಕೂಡಲೇ, ಸ್ನಾಯುಗಳಿಗೆ ರಕ್ತ ನುಗ್ಗಿ ಉಬ್ಬಿರುವಾಗ, ಲೈಟು ನೇರ ಮೇಲಿನಿಂದ ಬೀಳುವ ಜಾಗದಲ್ಲಿ. ಒಂದೆರಡು ಗಂಟೆ ಕಳೆದ ಮೇಲೆ ಅದೇ ಮನುಷ್ಯ ಹಾಗೆ ಕಾಣುವುದಿಲ್ಲ.

ಹಂತ 4: ದುಡ್ಡು ಎಲ್ಲಿಗೆ ಹೋಗುತ್ತಿದೆ ನೋಡಿ

ನಮ್ಮ ಬೇಜಾರಿನ ಹಿಂದೆ ಒಂದು ಮಾರುಕಟ್ಟೆ ಇದೆ. ಫೇರ್ ಅಂಡ್ ಲವ್ಲಿ 1975ರಿಂದ ಇಲ್ಲಿ ಮಾರಾಟವಾಯಿತು. 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಾಯಿತು. 'ಬಿಳುಪು' ಹೋಗಿ 'ಹೊಳಪು' ಬಂತು. ರೀಲ್ಸ್‌ನಲ್ಲಿ ಈಗ 'ಗ್ಲಾಸ್ ಸ್ಕಿನ್', ಅಂದರೆ ಗಾಜಿನಂತೆ ಹೊಳೆಯುವ ಚರ್ಮ, ಅನ್ನುತ್ತಾರೆ.

ಜಾಹೀರಾತು ಎಂದು ಹೇಳದೆ ಜಾಹೀರಾತು ಮಾಡುವಂತಿಲ್ಲ. ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 2021ರಲ್ಲೇ ಇದಕ್ಕೆ ನಿಯಮ ಮಾಡಿದೆ. ಆರೋಗ್ಯದ ಬಗ್ಗೆ ಸಲಹೆ ಕೊಟ್ಟು ಉತ್ಪನ್ನ ಮಾರುವ ಇನ್‌ಫ್ಲುಯೆನ್ಸರ್ ತಮ್ಮ ಓದು, ಅರ್ಹತೆ ಏನೆಂದು ಹೇಳಬೇಕು ಎಂದು 2023ರಲ್ಲಿ ಸೇರಿಸಿದೆ. ಅರ್ಹತೆ ಹೇಳದೆ ಪೌಡರ್, ಕ್ರೀಮು, ಮಾತ್ರೆ ಮಾರುವವರು ಕಂಡರೆ ಆಸ್ಕಿ ವೆಬ್‌ಸೈಟಿನಲ್ಲಿ ದೂರು ಕೊಡಬಹುದು.

ಮೂರು ಕಡೆ ಅಪಾಯ ನಿಜವಾಗಿಯೂ ದೊಡ್ಡದು. ಇವನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ.

ಮೊದಲನೆಯದು ಬಿಳಿ ಮಾಡುವ ಕ್ರೀಮು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಕೆಲವು ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಮತ್ತು ಕೂದಲು ಹೆಚ್ಚುತ್ತದೆ. ಬಿಟ್ಟರೆ ಉರಿ ಜಾಸ್ತಿಯಾಗುವುದರಿಂದ ಬಿಡಲೂ ಆಗುವುದಿಲ್ಲ. ಈಗಾಗಲೇ ಹಚ್ಚುತ್ತಿದ್ದರೆ ಹಠಾತ್ತನೆ ನಿಲ್ಲಿಸದೆ ಚರ್ಮದ ವೈದ್ಯರಿಗೆ ಟ್ಯೂಬ್ ತೋರಿಸಿ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸವಿದ್ದ ಫೇರ್‌ನೆಸ್ ಕ್ರೀಮು ಹಚ್ಚಿ ಹಲವರ ಕಿಡ್ನಿಗೇ ತೊಂದರೆಯಾಗಿತ್ತು.

ಎರಡನೆಯದು ಜಿಮ್ಮಿನ ಇಂಜೆಕ್ಷನ್ ಮತ್ತು ಮಾತ್ರೆ. ಮೈಕಟ್ಟಿಗೆ ಕೊಡುವ ಸ್ಟೆರಾಯ್ಡ್‌ನಿಂದ ವೃಷಣ ಕುಗ್ಗಬಹುದು, ಹುಡುಗರಿಗೂ ಸ್ತನ ಬೆಳೆಯಬಹುದು, ಹೃದಯ ಮತ್ತು ಲಿವರ್‌ಗೆ ಹಾನಿಯಾಗಬಹುದು. "ಎಲ್ಲರೂ ತಗೋತಾರೆ ಬ್ರೋ" ಎಂದು ಹೇಳುವ ಟ್ರೈನರ್ ವೈದ್ಯರಲ್ಲ.

ಮೂರನೆಯದು ಕೊಬ್ಬು ತೆಗೆಸುವ ಸರ್ಜರಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಇದಕ್ಕೆಂದು ಹೋಗಿ ಜೀವ ಕಳೆದುಕೊಂಡರು. ಮನೆಯವರಿಗೂ ಹೇಳದೆ ಹೋಗಿದ್ದರು. ಯಾವುದೇ ಪ್ರೊಸೀಜರ್ ಮುಂಚೆ ಒಬ್ಬರಿಗಾದರೂ ಹೇಳಿ. ಪ್ಲಾಸ್ಟಿಕ್ ಸರ್ಜನ್ ಯಾರು, ಅರಿವಳಿಕೆ ಕೊಡುವವರು ಯಾರು, ಐಸಿಯು ಇದೆಯಾ ಎಂದು ಕೇಳಿ.

ಹಂತ 5: ಹೊತ್ತು

ಇದರಲ್ಲಿ ಹೇಳುವುದು ಹೆಚ್ಚಿಲ್ಲ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ತೆರೆದು ರೀಲ್ಸ್ ನೋಡುವ ಆ್ಯಪ್‌ಗೆ ದಿನಕ್ಕೆ ಒಂದು ಗಂಟೆ ಎಂದು ಹಾಕಿ. ಮಲಗುವ ಜಾಗದಿಂದ ಕೈಗೆ ಸಿಗದಷ್ಟು ದೂರ ಚಾರ್ಜಿಗೆ ಇಡಿ. ಪಿಜಿಯಲ್ಲಿ ಪ್ಲಗ್ ತಲೆದಿಂಬಿನ ಪಕ್ಕದಲ್ಲೇ ಇದ್ದರೆ ರೂಮ್‌ಮೇಟ್ ಕಡೆಯ ಪ್ಲಗ್ ಕೇಳಿ. ಎಲ್ಲಕ್ಕಿಂತ ಮುಖ್ಯ, ಕನ್ನಡಿ ನೋಡುವ ಮುನ್ನ ಮತ್ತು ಊಟಕ್ಕೆ ಮುಂಚೆ ರೀಲ್ಸ್ ಬೇಡ.

ಹಂತ 6: ಮನೆಯವರ ಮಾತು, ಗೆಳೆಯರ ಮಾತು

ಫೀಡ್ ಎಷ್ಟೇ ಗುಡಿಸಿದರೂ ಮನೆಯ ಮಾತಿಗೆ ಮ್ಯೂಟ್ ಬಟನ್ ಇಲ್ಲ. "ಸ್ವಲ್ಪ ತೂಕ ಇಳಿಸು, ಗಂಡು ನೋಡೋಕೆ ಬರ್ತಾರೆ", "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ", "ಏನೋ ಕಡ್ಡಿ ಥರ ಇದ್ದೀಯ, ಹಾಸ್ಟೆಲಲ್ಲಿ ಊಟ ಹಾಕಲ್ವಾ". ಹೇಳುವವರಿಗೆ ಅದು ಅಕ್ಕರೆ. ನಮ್ಮಲ್ಲಿ ಎಷ್ಟೋ ದಿನದ ಮೇಲೆ ಸಿಕ್ಕವರನ್ನು ಮಾತಾಡಿಸುವ ರೀತಿಯೇ ಹಾಗೆ. ಅದಕ್ಕೇ ಜಗಳ ಕೆಲಸಕ್ಕೆ ಬರುವುದಿಲ್ಲ, ಸುಮ್ಮನಿದ್ದರೂ ನಿಲ್ಲುವುದಿಲ್ಲ.

ಅಮ್ಮನಿಗೆ ಒಬ್ಬರೇ ಇದ್ದಾಗ ಹೇಳಿ: "ಅಮ್ಮ, ಎಲ್ಲರ ಮುಂದೆ ನನ್ನ ತೂಕದ ಮಾತು ಎತ್ತಬೇಡಮ್ಮ. ಅವತ್ತು ಪೂರ್ತಿ ನಂಗೆ ಊಟ ಸೇರಲ್ಲ." ಆರೋಪ ಬೇಡ, ಆಗುವುದನ್ನು ಹೇಳಿ. ಊಟ ಸೇರಲ್ಲ ಎಂಬ ಮಾತು ಯಾವ ಅಮ್ಮನಿಗೂ ತಟ್ಟುತ್ತದೆ. ನೆಂಟರಿಗೆ ಇಷ್ಟು ವಿವರಣೆ ಬೇಕಿಲ್ಲ: "ಅತ್ತೆ, ನಾನು ಆರಾಮಾಗಿದ್ದೀನಿ. ನಿಮ್ಮ ಮಂಡಿ ನೋವು ಹೇಗಿದೆ?" ಎಂದು ಮಾತು ತಿರುಗಿಸಿ. ಬೇಕಿದ್ದರೆ ಅಣ್ಣನನ್ನೋ ಅಕ್ಕನನ್ನೋ ಮೊದಲೇ ಒಪ್ಪಿಸಿಟ್ಟುಕೊಳ್ಳಿ, ನಿಮ್ಮ ಪರವಾಗಿ ಅವರು ಮಾತು ತಡೆಯಲಿ.

ಗೆಳೆಯರ ಗ್ರೂಪಿನಲ್ಲಿ ಇನ್ನೂ ನೇರವಾಗಿರಬಹುದು. ಒಬ್ಬನ ಬೊಕ್ಕತಲೆಯ ಮೇಲೆ ಸ್ಟಿಕ್ಕರ್ ಮಾಡಿ ಹಂಚುತ್ತಿದ್ದರೆ "ಸಾಕು ಬಿಡ್ರೋ" ಎಂದು ಒಬ್ಬರು ಬರೆದರೂ ಅವನಿಗೆ ಉಸಿರು ಬರುತ್ತದೆ. ನೀವೇ ಕಾಮೆಂಟ್ ಹಾಕುವಾಗಲೂ ಯೋಚಿಸಿ. "ಎಷ್ಟು ಸಣ್ಣ ಆಗಿದ್ದೀಯ, ಸೂಪರ್" ಎಂದು ನೀವು ಹೊಗಳಿದವಳು ಊಟ ಬಿಟ್ಟು ಸಣ್ಣಗಾಗಿದ್ದರೆ ನಿಮ್ಮ ಹೊಗಳಿಕೆ ಅವಳಿಗೆ ಇನ್ನೊಂದು ಹೊತ್ತಿನ ಉಪವಾಸ.

ಹಂತ 7: ಮೈಗೆ ಕೆಲಸ ಕೊಡಿ

ವ್ಯಾಯಾಮ ಮಾಡಿ, ಆದರೆ ಕನ್ನಡಿಗಾಗಿ ಬೇಡ. ಕಬಡ್ಡಿ, ಷಟಲ್, ಈಜು, ಡೊಳ್ಳು ಕುಣಿತ, ಚಾಮುಂಡಿ ಬೆಟ್ಟದ ಮೆಟ್ಟಿಲು, ಯಾವುದಾದರೂ ಆದೀತು. ಲೆಕ್ಕ ಇಡುವುದಾದರೆ ತೂಕದ್ದು ಬೇಡ. ಹೋದ ತಿಂಗಳು ಎಲ್ಲಿ ಏದುಸಿರು ಬಂದಿತ್ತು, ಈಗ ಎಲ್ಲಿ ಬರುತ್ತದೆ ಎಂಬುದನ್ನು ನೋಡಿ. ಬಟ್ಟೆ ಈಗಿನ ಅಳತೆಗೆ ಹೊಲಿಸಿ. 'ಸಣ್ಣ ಆದ ಮೇಲೆ ಹಾಕ್ತೀನಿ' ಎಂದು ಬೀರುವಿನಲ್ಲಿ ಇಟ್ಟಿರುವ ಬಿಗಿ ಕುರ್ತಾ ದಿನಾ ಬೆಳಿಗ್ಗೆ ನಿಮ್ಮನ್ನು ಬೈಯುತ್ತಿರುತ್ತದೆ. ತಂಗಿಗೆ ಕೊಟ್ಟುಬಿಡಿ.

ಹಂತ 8: ಇಷ್ಟಕ್ಕೂ ಸರಿ ಹೋಗದಿದ್ದರೆ

ಕೆಳಗಿನ ಯಾವುದೇ ಒಂದು ಇದ್ದರೂ ತಡ ಮಾಡದೆ ವೈದ್ಯರನ್ನು ಕಾಣಿ. ಊಟ ಬಿಡುವುದು ಅಭ್ಯಾಸವಾಗಿದೆ. ತಿಂದ ಮೇಲೆ ವಾಂತಿ ಮಾಡಿಕೊಳ್ಳುತ್ತೀರಿ ಅಥವಾ ಭೇದಿ ಮಾತ್ರೆ ನುಂಗುತ್ತೀರಿ. ಮುಟ್ಟು ನಿಂತಿದೆ. ತಲೆ ಸುತ್ತಿ ಬಿದ್ದಿದ್ದೀರಿ. ದಿನಕ್ಕೆ ಗಂಟೆಗಟ್ಟಲೆ ಒಂದೇ ದೋಷದ ಬಗ್ಗೆ ಯೋಚಿಸುತ್ತೀರಿ, ಬೇರೆಯವರಿಗೆ ಅದು ಕಾಣುವುದೂ ಇಲ್ಲ. ಮುಖ ತೋರಿಸಬೇಕಾಗುತ್ತದೆ ಎಂದು ಕಾಲೇಜು, ಇಂಟರ್‌ವ್ಯೂ ತಪ್ಪಿಸುತ್ತೀರಿ. ಬದುಕೇ ಬೇಡ ಎನಿಸುತ್ತದೆ.

ಇಲ್ಲದ ದೋಷವನ್ನು ಗಂಟೆಗಟ್ಟಲೆ ಕಾಣುವುದು ಒಂದು ಕಾಯಿಲೆ, ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಎಂದು ಹೆಸರು. ಮೈಕಟ್ಟು ಎಷ್ಟಿದ್ದರೂ ಸಣಕಲು ಎಂದೇ ಕಾಣುವುದು ಅದರದ್ದೇ ಒಂದು ಬಗೆ, ಹುಡುಗರಲ್ಲಿ ಜಾಸ್ತಿ. ಇದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಔಷಧಿಯೂ ಇದೆ, ಎರಡೂ ಕೆಲಸ ಮಾಡುತ್ತವೆ. ಸರ್ಜರಿಯಿಂದ ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ. ಮೂಗು ಸರಿಯಾದರೆ ಮನಸ್ಸು ಗಲ್ಲಕ್ಕೆ ಹೋಗುತ್ತದೆ.

ಎಲ್ಲಿಗೆ ಹೋಗಬೇಕು? ಈ ಕ್ಷಣಕ್ಕೆ 14416, ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್ ಇದೆ. ಫೋನ್ ಬಿಡಲಾಗದವರಿಗೆಂದೇ ಅಲ್ಲಿ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಬೇರೆ ಊರಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮವೂ ಇದೆ. ನಿಮ್ಮ ತಾಲೂಕಿಗೆ ಯಾವ ವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ವೈದ್ಯರ ಮುಂದೆ ಕೂತಾಗ ಬಾಯಿ ಬರದೆ "ತಲೆನೋವು" ಎಂದು ಹೇಳಿ ಮಾತ್ರೆ ತೆಗೆದುಕೊಂಡು ಬರುವವರಿದ್ದಾರೆ. ಮೊದಲ ವಾಕ್ಯವನ್ನು ಮನೆಯಲ್ಲೇ ಕಾಗದದ ಮೇಲೆ ಬರೆದುಕೊಂಡು ಹೋಗಿ: "ಡಾಕ್ಟರೇ, ನನ್ನ ಮುಖದ ಬಗ್ಗೆ ದಿನಾ ತುಂಬಾ ಹೊತ್ತು ಯೋಚನೆ ಬರುತ್ತೆ, ನಿಲ್ಸೋಕೆ ಆಗ್ತಿಲ್ಲ. ಊಟ, ನಿದ್ದೆ ಎರಡೂ ಕೆಟ್ಟಿದೆ." ಹೇಳಲಾಗದಿದ್ದರೆ ಕಾಗದವನ್ನೇ ಕೈಗೆ ಕೊಡಿ. ಜೊತೆಗೆ ಆ ಮೂರು ದಿನದ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋದರೆ ಅವರ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.